ನಡೆಯಲು ಕಷ್ಟವಾದವರ ಪ್ರವಾಸ: ಶಿರಸಿ, ಸಿದ್ದಾಪುರ, ಯಲ್ಲಾಪುರ

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳು. ವೀಲ್‌ಚೇರ್, ಊರುಗೋಲು, ವಾಕರ್ ಬಳಸುವವರು, ಲಕ್ವ ಹೊಡೆದು ಚೇತರಿಸಿಕೊಳ್ಳುತ್ತಿರುವವರು, ಮಂಡಿನೋವಿನ ಹಿರಿಯರು ಇಲ್ಲಿನ ಜಾತ್ರೆ, ಜಲಪಾತ, ದೇವಸ್ಥಾನಗಳಿಗೆ ಹೇಗೆ ಹೋಗಿಬರುತ್ತಾರೆ, ಎಲ್ಲಿ ತಡೆಯಾಗುತ್ತದೆ, ಎಲ್ಲಿ ಸಲೀಸು ಎಂಬುದು ಈ ಲೇಖನದ ವಿಷಯ. ಬಿಡದಿಯ ವಂಡರ್‌ಲಾದಂಥ ದೊಡ್ಡ ಥೀಮ್ ಪಾರ್ಕ್ ಈ ಭಾಗದಲ್ಲಿಲ್ಲ. ಅದರ ಜಾಗವನ್ನು ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಜಾತ್ರೆಯ ಆಟಗಳು ಒಂದು ಕಡೆಯಿಂದ, ವರ್ಷವಿಡೀ ಪ್ರವಾಸಿಗರನ್ನು ಸೆಳೆಯುವ ಜಲಪಾತಗಳು ಇನ್ನೊಂದು ಕಡೆಯಿಂದ ತುಂಬಿವೆ.

ಪ್ರವಾಸಿ ಕೈಪಿಡಿಗಳು ಜಲಪಾತದ ಎತ್ತರವನ್ನೂ ಪೇಟೆಯಿಂದ ಅದು ಎಷ್ಟು ಕಿಲೋಮೀಟರ್ ಎಂಬುದನ್ನೂ ತಪ್ಪದೆ ಕೊಡುತ್ತವೆ. ನಡೆಯಲು ಕಷ್ಟವಾದವರಿಗೆ ಆ ಎರಡರಿಂದಲೂ ಹೆಚ್ಚು ಪ್ರಯೋಜನವಿಲ್ಲ. ವಾಹನ ನಿಲ್ಲುವ ಜಾಗದಿಂದ ನೋಡುವ ಜಾಗಕ್ಕೆ ಎಷ್ಟು ದೂರ, ನಡುವೆ ಎಷ್ಟು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇದೆಯೇ, ಹತ್ತಿರದಲ್ಲಿ ಕುಳಿತುಕೊಳ್ಳುವ ಶೌಚಾಲಯ ಇದೆಯೇ ಎಂಬ ಮಾಹಿತಿ ಬೇಕು. ಅದು ಯಾವ ಫಲಕದಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಐವತ್ತು ಕಿಲೋಮೀಟರ್ ಕಾರಿನಲ್ಲಿ ಸುಖವಾಗಿ ಬಂದವರನ್ನು ಕೊನೆಯ ಇನ್ನೂರು ಮೀಟರ್ ತಡೆಯುತ್ತದೆ.

ನೆಲದ ಗುಣ

ಇದು ಗುಡ್ಡ, ಕಣಿವೆ, ಹಳ್ಳಗಳ ಸೀಮೆ. ಊರೆಂದರೆ ಒತ್ತಾಗಿ ಕಟ್ಟಿದ ಕೇರಿಯಲ್ಲ, ಗುಡ್ಡದ ಓರೆಯಲ್ಲಿ ಅಲ್ಲೊಂದು ಇಲ್ಲೊಂದು ಮನೆ, ಕೆಳಗಿನ ಕಣಿವೆಯಲ್ಲಿ ಅಡಿಕೆ ತೋಟ. ರಸ್ತೆಯಿಂದ ಮನೆಯಂಗಳಕ್ಕೆ ಇಳಿಜಾರು, ಅಂಗಳದಿಂದ ಜಗಲಿಗೆ ಚಿರೆಕಲ್ಲಿನ ಮೆಟ್ಟಿಲು, ಜಗಲಿಯಿಂದ ಒಳಕ್ಕೆ ಎತ್ತರದ ಹೊಸ್ತಿಲು. ತೋಟಕ್ಕೆ ಹೋಗುವುದಾದರೆ ಉಣಗೋಲು ದಾಟಬೇಕು, ಕಾಲುವೆಯ ಮೇಲಿನ ಸಂಕದಲ್ಲಿ ಹೆಜ್ಜೆ ಹಾಕಬೇಕು. ಎರಡು ಅಡಿಕೆ ಮರ ಹಾಸಿದ ಸಂಕದ ಮೇಲೆ ಚಕ್ರ ಉರುಳುವುದಿಲ್ಲ, ಊರುಗೋಲೂ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಕಲ್ಲಿನ ಮೇಲೆಲ್ಲ ಹಾವಸೆ ಕಟ್ಟಿ, ನೆಟ್ಟಗೆ ನಡೆಯುವವರೂ ಜಾರುತ್ತಾರೆ. ಹೀಗಾಗಿ ಇಲ್ಲಿ ನಡೆಯಲಾಗದವರ ತೊಂದರೆ ಪ್ರವಾಸದ ದಿನ ಹುಟ್ಟಿದ್ದಲ್ಲ, ಮನೆಯ ಮೆಟ್ಟಿಲಲ್ಲೇ ಶುರುವಾಗಿರುತ್ತದೆ.

ಅಡಿಕೆ ಸೀಮೆಗೇ ವಿಶೇಷವಾದ ಇನ್ನೊಂದು ಕಾರಣವೂ ಇದೆ. ಕೊನೆ ಕೊಯ್ಯುವಾಗ, ಮಳೆಗಾಲದಲ್ಲಿ ಔಷಧಿ ಹೊಡೆಯುವಾಗ, ಏಣಿ ಹಾಕಿ ಕಾಳುಮೆಣಸು ಬಿಡಿಸುವಾಗ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗುತ್ತದೆ. ಹೀಗೆ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರಲ್ಲಿ ದುಡಿಯುವ ಪ್ರಾಯದ ಗಂಡಸರೇ ಹೆಚ್ಚು. ದಕ್ಷಿಣ ಕನ್ನಡದ ಕೊಕ್ಕಡ ಬಳಿಯ ಸೌತಡ್ಕದಲ್ಲಿರುವ ಸೇವಾಧಾಮ ಇಂಥವರ ಪುನಶ್ಚೇತನಕ್ಕೆಂದೇ ನಡೆಯುವ ಕೇಂದ್ರ. ನಿನ್ನೆಯವರೆಗೆ ಎಲ್ಲ ಜಾತ್ರೆಗೂ ಓಡಿಹೋಗುತ್ತಿದ್ದ ಮನುಷ್ಯ ಒಮ್ಮೆಗೇ ಮನೆಯಲ್ಲಿ ಕೂರಬೇಕಾಗುವುದರಿಂದ, ಹೊರಗೆ ಹೋಗಿಬರುವ ಪ್ರಶ್ನೆ ಇವರ ಪಾಲಿಗೆ ಮೋಜಿನದಷ್ಟೇ ಅಲ್ಲ.

ರಸ್ತೆಯಿಲ್ಲದ ಕಾಲದಲ್ಲಿ ಬಿದಿರ ಗಳಕ್ಕೆ ಕಂಬಳಿ ಕಟ್ಟಿ ಜೋಲಿ ಮಾಡಿ ಬಾಣಂತಿಯರನ್ನೂ ರೋಗಿಗಳನ್ನೂ ಹೊತ್ತು ತರುತ್ತಿದ್ದರು. ವಾಹನ ಹೋಗದ ಒಳಹಳ್ಳಿಗಳಲ್ಲಿ ಜೋಲಿ ಇನ್ನೂ ಪೂರ್ತಿ ಮರೆಯಾಗಿಲ್ಲ. ಅದು ಆಸ್ಪತ್ರೆಗೆಂದು ಹೊರಡುವ ಸಾಧನವೇ ಹೊರತು ಜಲಪಾತ ನೋಡಲೆಂದು ಯಾರೂ ಕಟ್ಟಿದ್ದಿಲ್ಲ. ಕಾಯಿಲೆಯವರನ್ನು ಹೊರುವುದಕ್ಕೆ ನಾಲ್ಕು ಹೆಗಲು ಎಲ್ಲ ಊರಲ್ಲೂ ಸಿಗುತ್ತವೆ. ‘ನನಗೂ ಜೋಗ ನೋಡಬೇಕು’ ಎಂದು ಕೇಳಲು ಮಾತ್ರ ನಡೆಯಲಾಗದವರು ಸಂಕೋಚಪಡುತ್ತಾರೆ.

ಮಾರಿಕಾಂಬಾ ಜಾತ್ರೆ

ಶಿರಸಿಯ ಮಾರಿಕಾಂಬಾ ದೇವಸ್ಥಾನ 17ನೆಯ ಶತಮಾನದ ಕೊನೆಯದು. ಸುಮಾರು ಏಳು ಅಡಿ ಎತ್ತರದ, ಕೆಂಪು ಬಣ್ಣದ ಮರದ ಮೂರ್ತಿ ಇಲ್ಲಿನದು. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದರು. ಇಲ್ಲಿ ಪ್ರಾಣಿಬಲಿ ನಿಂತದ್ದು ಆ ಕಾಲದ ಸುಧಾರಣೆಯ ಅಲೆಯಲ್ಲಿ. ದೇವಸ್ಥಾನದೊಳಕ್ಕೆ ಯಾರು ಬರಬಹುದು ಎಂಬ ಚರ್ಚೆ ಈ ಊರಿಗೆ ಹೊಸತೇನಲ್ಲ, ಈಗಿನ ಅಡ್ಡಿ ಕಲ್ಲು ಸಿಮೆಂಟಿನದು ಅಷ್ಟೆ.

ಎರಡು ವರ್ಷಕ್ಕೊಮ್ಮೆ ಫಾಲ್ಗುಣದ ಸುಮಾರಿಗೆ ಜಾತ್ರೆ. ದೇವಿಯ ಕಲ್ಯಾಣವಾಗಿ, ರಥದಲ್ಲಿ ಮೆರವಣಿಗೆಯಾಗಿ ಬಿಡ್ಕಿಬೈಲಿನ ಗದ್ದುಗೆಯಲ್ಲಿ ಆಕೆ ಕೂತ ಮೇಲೆ ವಾರವಿಡೀ ಉಡಿ, ಹಣ್ಣುಕಾಯಿ, ಹರಕೆ. ಪೇಟೆಯ ನಟ್ಟನಡುವೆಯೇ ಜಾತ್ರೆ ನಡೆಯುವುದು ಇದರ ಸೊಗಸು, ನಡೆಯಲಾಗದವರಿಗೆ ತೊಡಕೂ ಅದೇ. ಗದ್ದುಗೆಯ ಸುತ್ತ ಅಂಗಡಿ ಸಾಲು, ಬೆಂಡು ಬತ್ತಾಸಿನ ರಾಶಿ, ಬಳೆ ಪೇಟೆ, ತೂರಲು ಜಾಗವಿಲ್ಲದ ಜನ. ದರ್ಶನದ ಸಾಲಿನ ಕಂಬಿಗಳ ನಡುವೆ ಒಬ್ಬರ ಹಿಂದೊಬ್ಬರು ನಿಲ್ಲುವಷ್ಟೇ ಅಗಲ, ಅದರ ತಿರುವುಗಳಲ್ಲಿ ವೀಲ್‌ಚೇರ್ ಹೊರಳಿಸಲಾಗದು. ವಾಹನಗಳನ್ನು ದೂರದಲ್ಲೇ ತಡೆಯುವುದರಿಂದ ಅಲ್ಲಿಂದ ಗದ್ದುಗೆಯವರೆಗೆ ಜನರ ನಡುವೆ ಸಾಗಬೇಕು. ಅನುಭವವಿದ್ದ ಮನೆಯವರು ಆರಿಸಿಕೊಳ್ಳುವುದು ಬೆಳಗಿನ ಜಾವವನ್ನು. ರಾತ್ರಿಯ ನಾಟಕ, ಯಕ್ಷಗಾನ ಮುಗಿಸಿದವರು ಮಲಗಿರುತ್ತಾರೆ, ಹಳ್ಳಿಯ ಬಸ್ಸುಗಳು ಇನ್ನೂ ಬಂದಿರುವುದಿಲ್ಲ. ಸ್ವಯಂಸೇವಕರಿಗೋ ಬಂದೋಬಸ್ತಿನ ಪೊಲೀಸರಿಗೋ ಹೇಳಿದರೆ ಹೊರಹೋಗುವ ದಾರಿಯಿಂದ ಬಿಡುವುದುಂಟು. ಆದರೆ ಅದು ಎದುರಿಗೆ ನಿಂತವರ ಮನಸ್ಸನ್ನು ಅವಲಂಬಿಸಿದ್ದು.

ರಥ ನೋಡುವುದು ಇದಕ್ಕಿಂತ ಸುಲಭ. ಮೆರವಣಿಗೆಯ ಬೀದಿಯಲ್ಲಿ ನೆಂಟರಿಷ್ಟರ ಮನೆಯೋ ಅಂಗಡಿಯೋ ಇದ್ದರೆ ಅದರ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡರಾಯಿತು. ಜಾತ್ರೆಯಿಲ್ಲದ ವರ್ಷ ಹೋಳಿಯ ರಾತ್ರಿಗಳಲ್ಲಿ ಕುಣಿಯುವ ಬೇಡರ ವೇಷವನ್ನೂ ಹೀಗೇ ನೋಡಬಹುದು. ಬೆನ್ನಿಗೆ ನವಿಲುಗರಿ ಕಟ್ಟಿಕೊಂಡ ಬೇಡ ಹಲಗೆಯ ಬಡಿತಕ್ಕೆ ಮೈಮರೆತು ಕುಣಿಯುತ್ತ ಬೀದಿ ಬೀದಿಗೆ ತಾನೇ ಬರುತ್ತಾನೆ. ನೋಡುವವರು ಕುಳಿತಲ್ಲಿಯೇ ಇದ್ದು ನೋಡುವ ಕಲೆಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡಬೇಕು.

ಇನ್ನು ಆಟಗಳು. ಜಾತ್ರೆಯ ತೊಟ್ಟಿಲು, ಎಂದರೆ ಜೈಂಟ್ ವೀಲ್, ನಿಲ್ಲುವುದು ಕಬ್ಬಿಣದ ಹಲಗೆಯ ಅಟ್ಟದ ಮೇಲೆ. ಮೂರು ನಾಲ್ಕು ಕಿರಿದಾದ ಮೆಟ್ಟಿಲು ಹತ್ತಿ ಟಿಕೆಟ್ ಕೊಡಬೇಕು. ತೂಗುವ ತೊಟ್ಟಿಲಿಗೆ ಕಾಲಿಡುವಾಗ ಅದು ಹಿಂದಕ್ಕೆ ಜಾರುತ್ತದೆ. ಆಟ ನಡೆಸುವ ಹುಡುಗ ಒಂದು ಕಾಲು ಅದರ ಅಡಿಗೆ ಕೊಟ್ಟು, ಒಂದು ಕೈಯಲ್ಲಿ ಅಂಚು ಹಿಡಿದು ನಿಲ್ಲಿಸಿಕೊಳ್ಳುತ್ತಾನೆ. ಕಾಲಲ್ಲಿ ಬಲವಿಲ್ಲದವರನ್ನು ಇಬ್ಬರು ಎತ್ತಿ ಕೂರಿಸಬೇಕು. ಒಬ್ಬರು ಕಂಕುಳಡಿ ಕೈಕೊಟ್ಟು, ಇನ್ನೊಬ್ಬರು ಮೊಣಕಾಲ ಕೆಳಗೆ ಹಿಡಿದು, ಇಬ್ಬರೂ ಒಟ್ಟಿಗೆ ಎತ್ತಿದರೆ ಮಾತ್ರ ಸರಿಹೋಗುತ್ತದೆ. ಒಮ್ಮೆ ಕೂತ ಮೇಲೆ ತೊಟ್ಟಿಲು ನಿಧಾನವಾದ ಆಟ. ಕೂತವರ ಮೈ ಎತ್ತಿ ಎಸೆಯುವ ಗುಣ ಅದಕ್ಕಿಲ್ಲ, ಮೇಲೆ ಹೋದಾಗ ಇಡೀ ಶಿರಸಿ ಪೇಟೆ ದೀಪಗಳ ಸಮೇತ ಕಾಣುತ್ತದೆ. ಕೊಲಂಬಸ್ ಎಂದು ಕರೆಯುವ ತೂಗುವ ಹಡಗು ಹಾಗಲ್ಲ. ಅಲ್ಲಿ ತೊಡೆಯ ಮೇಲಿನ ಕಂಬಿಯೊಂದೇ ಆಧಾರ, ಉಳಿದದ್ದನ್ನು ಕೂತವರೇ ಕಾಲೂರಿ ತಡೆದುಕೊಳ್ಳಬೇಕು. ಸೊಂಟದ ಕೆಳಗೆ ಸ್ವಾಧೀನವಿಲ್ಲದವರು ಇದರಿಂದ ದೂರ ಇರುವುದೇ ಕ್ಷೇಮ. ಬೈಕು ಓಡಿಸುವ ಸಾವಿನ ಬಾವಿಯನ್ನು ಮೇಲಿನ ಅಂಚಿನಲ್ಲಿ ನಿಂತೇ ನೋಡಬೇಕು. ಅಲ್ಲಿಗೆ ಹತ್ತುವುದು ಕಡಿದಾದ ಕಬ್ಬಿಣದ ಏಣಿಮೆಟ್ಟಿಲು.

ಜಾತ್ರೆಗೆ ಬಿಡಾರ ಹೂಡುವ ವೃತ್ತಿ ನಾಟಕ ಕಂಪನಿಗಳ ಡೇರೆ, ಯಕ್ಷಗಾನದ ಡೇರೆ ಎಲ್ಲಕ್ಕಿಂತ ಅನುಕೂಲ. ನೆಲ ಸಮತಟ್ಟು, ಮೆಟ್ಟಿಲಿಲ್ಲ, ಸಾಲಿನ ತುದಿಯ ಒಂದು ಕುರ್ಚಿ ಎತ್ತಿಟ್ಟರೆ ವೀಲ್‌ಚೇರ್ ನಿಲ್ಲುತ್ತದೆ. ಶೌಚಾಲಯದ ವಿಚಾರ ಮಾತ್ರ ಮೊದಲೇ ಯೋಚಿಸಿಕೊಳ್ಳಬೇಕು. ಜಾತ್ರೆಗೆ ಹೋಗಬೇಕೆಂದು ಮಧ್ಯಾಹ್ನದಿಂದ ನೀರು ಕುಡಿಯದೆ ಇರುವ ಹೆಂಗಸರಿದ್ದಾರೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಅದು ಮೂತ್ರದ ಸೋಂಕಿಗೆ ದಾರಿ.

ಜಲಪಾತಗಳು

ಈ ಮೂರು ತಾಲ್ಲೂಕುಗಳ ಜಲಪಾತಗಳನ್ನು ಎರಡು ಬಗೆಯಾಗಿ ನೋಡುವುದು ಒಳ್ಳೆಯದು: ಎದುರು ದಡದ ಮೇಲೆ ನಿಂತು ನೋಡುವಂಥವು, ಬುಡಕ್ಕೆ ಇಳಿದು ನೋಡುವಂಥವು. ಎತ್ತರದವು ಮೊದಲನೆಯ ಗುಂಪಿಗೆ ಸೇರುತ್ತವೆ. ದೊಡ್ಡ ಜಲಪಾತ ಕಷ್ಟ, ಸಣ್ಣದು ಸುಲಭ ಎಂಬ ಸಾಮಾನ್ಯ ಎಣಿಕೆ ಇಲ್ಲಿ ತಿರುಗುಮುರುಗು.

ಸಿದ್ದಾಪುರದ ಗಡಿಯಲ್ಲಿ, ಸಾಗರ ತಾಲ್ಲೂಕಿಗೆ ಸೇರಿದ ಜೋಗ ಇದಕ್ಕೆ ಒಳ್ಳೆಯ ಉದಾಹರಣೆ. 253 ಮೀಟರ್ ಧುಮುಕುವ ಶರಾವತಿಯ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕನ್ನೂ ವಾಹನ ನಿಲ್ಲುವ ಕಡೆಯಿಂದ ಅಷ್ಟೇನೂ ದೂರವಿಲ್ಲದ ಕಟ್ಟೆಯಿಂದ ಕಾಣಬಹುದು. ಬುಡಕ್ಕೆ ಹೋಗುವ ಸಾವಿರಕ್ಕೂ ಹೆಚ್ಚು ಮೆಟ್ಟಿಲು ಬೇರೆಯವರಿಗಿರಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ನೀರು ಕಡಿಮೆಯಾದದ್ದರಿಂದ ಜುಲೈಯಿಂದ ಸೆಪ್ಟೆಂಬರ್ ನಡುವೆಯೇ ಹೋಗಬೇಕು. ಮಂಜು ಮುಸುಕಿದರೆ ಕಾಯಬೇಕು. ಕೂತು ಕಾಯುವುದು ವೀಲ್‌ಚೇರಿನವರಿಗೆ ಉಳಿದವರಿಗಿಂತ ಚೆನ್ನಾಗಿ ಗೊತ್ತು.

ಯಲ್ಲಾಪುರದ ಮಾಗೋಡು ಇದೇ ಗುಂಪಿನದು. ಬೇಡ್ತಿ ನದಿ ಎರಡು ಹಂತದಲ್ಲಿ ಸುಮಾರು 200 ಮೀಟರ್ ಇಳಿಯುತ್ತದೆ. ಕಣಿವೆಯ ಈಚೆಯಿಂದ, ಬೇಲಿ ಹಾಕಿದ ವೀಕ್ಷಣಾ ಜಾಗದಿಂದ ನೋಡುವುದು. ಅಲ್ಲಿಗೂ ಮೆಟ್ಟಿಲುಗಳಿವೆ. ಊರುಗೋಲಿನವರು ನಿಧಾನಕ್ಕೆ ಸುಧಾರಿಸಿಕೊಂಡು ಹೋಗಬಹುದು, ವೀಲ್‌ಚೇರ್ ಆದರೆ ಎತ್ತುವವರು ಜೊತೆಗಿರಬೇಕು. ಅದೇ ದಾರಿಯ ಕವಡಿಕೆರೆ ಹೆಚ್ಚು ಸಲೀಸು: ಸುಮಾರು 60 ಎಕರೆಯ ಕೆರೆ, ದಂಡೆಯ ಪಕ್ಕಕ್ಕೇ ರಸ್ತೆ. ಕಾರಿನ ಬಾಗಿಲು ತೆರೆದು ಕೂತರೆ ನೀರಹಕ್ಕಿಗಳು ಕಾಣುತ್ತವೆ. ಸೂರ್ಯಾಸ್ತಕ್ಕೆ ಹೆಸರಾದ ಜೇನುಕಲ್ಲು ಗುಡ್ಡದಲ್ಲಿ ವಾಹನ ಬಿಟ್ಟು ಸ್ವಲ್ಪ ದೂರ ನಡೆಯಬೇಕು. ಹಿಂತಿರುಗುವ ಹೊತ್ತಿಗೆ ಕತ್ತಲಾಗಿರುವುದರಿಂದ ಟಾರ್ಚು ಬೇಕೇ ಬೇಕು.

ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಬೀಳುತ್ತದೆ. 1845ರಲ್ಲಿ ಇದನ್ನು ಕಂಡ ಬ್ರಿಟಿಷ್ ಅಧಿಕಾರಿ ಲಷಿಂಗ್ಟನ್ನನ ಹೆಸರೂ ಇದಕ್ಕಿದೆ, ಊರವರು ಕೆಪ್ಪ ಜೋಗ ಎನ್ನುತ್ತಾರೆ. ಎದುರಿನಿಂದ ನೋಡುವ ಜಲಪಾತವಾದರೂ ವೀಕ್ಷಣಾ ಕಟ್ಟೆಗೆ ಕಾಡಿನ ಇಳಿಜಾರಿನಲ್ಲಿ ಮೆಟ್ಟಿಲಿಳಿಯಬೇಕು. ಇಳಿಯುವಾಗ ಮಂಡಿ ನೋಯುತ್ತದೆ, ಹತ್ತುವಾಗ ಉಸಿರು ಕಟ್ಟುತ್ತದೆ. ಮೇಲೆ ಉಳಿದವರಿಗೆ ಸಿಗುವುದು ಮಳೆಗಾಲದ ಅದರ ಆರ್ಭಟ. ಯಲ್ಲಾಪುರದ ಸಾತೊಡ್ಡಿ ಇದಕ್ಕೆ ವಿರುದ್ಧ. ಎತ್ತರ ಸುಮಾರು 15 ಮೀಟರ್ ಮಾತ್ರ, ಮಕ್ಕಳಿಗೆ ಪ್ರಿಯವಾದದ್ದು. ಆದರೆ ಹಳ್ಳದ ಪಕ್ಕದ ಕಾಲುದಾರಿಯಲ್ಲಿ ನಡೆದು, ಬಂಡೆಗಳ ಹತ್ತಿರ ಹೋದರೇ ಅದು ಕಾಣುವುದು. ಎರಡನೆಯ ಗುಂಪಿನ ತೊಂದರೆಯೆಲ್ಲ ಇದರಲ್ಲಿದೆ.

ಶಾಲ್ಮಲಾ ನದಿಯ ಸಹಸ್ರಲಿಂಗವೂ ಹೀಗೆಯೇ. ಸೋಂದೆಯ ಅರಸ ಸದಾಶಿವರಾಯನ ಕಾಲದಲ್ಲಿ (1678–1718) ನದಿಯ ಬಂಡೆಗಳಲ್ಲಿ ಕಡೆದ ಲಿಂಗಗಳನ್ನು ಹತ್ತಿರದಿಂದ ಕಾಣಲು ಮೆಟ್ಟಿಲಿಳಿದು ನದಿಗೇ ಹೋಗಬೇಕು. ಶಿವರಾತ್ರಿಯ ಜನಜಂಗುಳಿಯ ದಿನ ಬಿಟ್ಟು, ನೀರು ಇಳಿದ ಡಿಸೆಂಬರ್ ಜನವರಿಯಲ್ಲಿ ಇಬ್ಬರು ಗಟ್ಟಿಗರ ಜೊತೆ ಬಂದರೆ ಪ್ರಯತ್ನಿಸಬಹುದು. ಕುಮಟಾ ತಾಲ್ಲೂಕಿಗೆ ಸೇರಿದರೂ ಶಿರಸಿಯಿಂದ ಜನ ಹೋಗುವ ಯಾಣದಲ್ಲಿ 120 ಮೀಟರಿನ ಭೈರವೇಶ್ವರ ಶಿಖರದ ಬುಡಕ್ಕೆ ಕಾಡಿನ ನಡಿಗೆ, ಆಮೇಲೆ ಮೆಟ್ಟಿಲು.

ಎಲ್ಲ ಕಡೆ ರ‍್ಯಾಂಪ್ ಹಾಕಿದರೆ ಮುಗಿಯಿತು ಎನ್ನುವವರು ಒಂದು ಲೆಕ್ಕ ಹಾಕಿ ನೋಡಬೇಕು. ವೀಲ್‌ಚೇರಿಗೆ ಒಪ್ಪಿದ ಇಳಿಜಾರು 1:12, ಎಂದರೆ ಒಂದಡಿ ಏರಲು ಹನ್ನೆರಡು ಅಡಿ ಉದ್ದ. ಅರ್ಧ ಅಡಿಯ ಆರು ಮೆಟ್ಟಿಲಿರುವ ಜಗಲಿಗೆ 36 ಅಡಿಯ ರ‍್ಯಾಂಪ್ ಬೇಕು, ಅದು ಅನೇಕ ಮನೆಗಳ ಅಂಗಳಕ್ಕಿಂತ ಉದ್ದ. ನೂರು ಅಡಿ ಆಳಕ್ಕೆ ಇಳಿಯುವ ಜಲಪಾತದ ದಾರಿಗಾದರೆ 1,200 ಅಡಿ, ನಡುನಡುವೆ ತಂಗುವ ಸಮತಟ್ಟು ಬೇರೆ. ಅಷ್ಟು ಉದ್ದದ ಕಾಂಕ್ರೀಟನ್ನು ಪಶ್ಚಿಮ ಘಟ್ಟದ ಕಾಡಿನಲ್ಲಿ ಸುರಿಯುವುದು ಕಾಡಿಗೂ ಒಳ್ಳೆಯದಲ್ಲ, ಮಳೆಗೂ ಬಾಳಿಕೆ ಬರುವುದಿಲ್ಲ. ಅದರ ಬದಲು ವಾಹನ ನಿಲ್ಲುವ ಮಟ್ಟದಲ್ಲೇ, ಜಲಪಾತ ಕಾಣುವ ಒಂದು ಓರೆಯನ್ನು ಹುಡುಕಿ ಐವತ್ತು ಅಡಿಯ ಸಮತಟ್ಟಾದ ಹಾದಿ ಮಾಡಿದರೆ ಸಾಕು. ಬೇಲಿಯ ಮೇಲಿನ ಕಂಬಿ ಕೂತವರ ಕಣ್ಣಿಗೆ ಅಡ್ಡ ಬರಬಾರದು. ನಿಂತವರ ಎದೆಮಟ್ಟಕ್ಕೆ ಕಟ್ಟಿದ ಸಿಮೆಂಟು ಗೋಡೆಯಿಂದಾಗಿ, ಕಷ್ಟಪಟ್ಟು ಅಲ್ಲಿಯವರೆಗೆ ಬಂದವರಿಗೂ ಆಕಾಶವಷ್ಟೇ ಕಾಣುತ್ತದೆ.

ದೇವಾಲಯ, ಸ್ಮಾರಕ

ಬನವಾಸಿಯ ಮಧುಕೇಶ್ವರ ದೇವಾಲಯದ ಪ್ರಾಂಗಣ ವಿಶಾಲವಾಗಿ, ಬಹುಮಟ್ಟಿಗೆ ಸಮವಾಗಿದೆ. ಮಂಟಪಕ್ಕೆ ಮೆಟ್ಟಿಲು ಹತ್ತಬೇಕು. ಸಂರಕ್ಷಿತ ಸ್ಮಾರಕವಾದ್ದರಿಂದ ಕಲ್ಲಿಗೆ ಸಿಮೆಂಟು ಮೆತ್ತಿ ರ‍್ಯಾಂಪ್ ಕಟ್ಟುವ ಹಾಗಿಲ್ಲ, ಬೇಕಾದಾಗ ಇಟ್ಟು ತೆಗೆಯುವ ಮರದ ಇಳಿಜಾರು ಇಂಥ ಕಡೆಗೆ ತಕ್ಕದ್ದು. ಹಂಪಿಯಲ್ಲಿ ವಾಹನ ನಿಲ್ದಾಣದಿಂದ ವಿಜಯ ವಿಠ್ಠಲ ದೇವಾಲಯಕ್ಕೆ ಬ್ಯಾಟರಿ ಗಾಡಿಗಳು ಓಡಾಡುತ್ತವೆ. ಕೊನೆಯ ಕಿಲೋಮೀಟರಿನ ತೊಡಕನ್ನು ನಮ್ಮ ರಾಜ್ಯದಲ್ಲೇ ಬಿಡಿಸಿರುವುದಕ್ಕೆ ಅದು ಸಾಕ್ಷಿ. ಸೋಂದಾ ವಾದಿರಾಜ ಮಠ, ಸ್ವರ್ಣವಲ್ಲಿ ಮಠ, ಮಂಜುಗುಣಿಯ ವೆಂಕಟರಮಣ ದೇವಸ್ಥಾನಗಳಿಗೆ ವಾಹನ ಹತ್ತಿರದವರೆಗೆ ಹೋಗುತ್ತದೆ. ಆದರೆ ಸಿದ್ದಾಪುರದ ಭುವನಗಿರಿಯ ಭುವನೇಶ್ವರಿ ಗುಡ್ಡದ ಮೇಲಿನವಳು.

ದೇವಸ್ಥಾನಗಳಲ್ಲಿ ಮೆಟ್ಟಿಲಿಗಿಂತ ಮಡಿಯ ಪ್ರಶ್ನೆ ಸೂಕ್ಷ್ಮ. ರಸ್ತೆಯಲ್ಲಿ ಉರುಳಿದ ಚಕ್ರವನ್ನು ಚಂದ್ರಶಾಲೆಯೊಳಕ್ಕೆ ತರಬಹುದೇ ಎಂದು ಅರ್ಚಕರು ಅನುಮಾನಿಸುತ್ತಾರೆ. ಒಳಗಿನ ಬಳಕೆಗೆಂದೇ ಒಂದು ವೀಲ್‌ಚೇರನ್ನು ದೇವಸ್ಥಾನವೇ ಇಟ್ಟುಕೊಂಡರೆ ವಾದಕ್ಕೆ ಎಡೆಯಿಲ್ಲ. ಊಟದ ಸಾಲಿನಲ್ಲಿ ನೆಲದ ಮೇಲೆ ಕೂರಲಾಗದವರಿಗೆ ಮೇಜು ಹಾಕುವ ರೂಢಿ ಮಠ, ಮದುವೆಮನೆಗಳಲ್ಲಿ ಯಾವ ಕಾಯಿದೆಯ ಒತ್ತಾಯವೂ ಇಲ್ಲದೆ ಬಂದಿದೆ. ಊರಿನ ಹಿರಿಯರಿಗೆಲ್ಲ ಮಂಡಿನೋವು ಬಂದದ್ದರ ಫಲ ಅದು.

ಓಡಾಟ

ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರಕ್ಕೂ ರೈಲಿಲ್ಲ. ಸಿದ್ದಾಪುರಕ್ಕೆ ತಾಳಗುಪ್ಪ ಹತ್ತಿರ, ಉಳಿದವಕ್ಕೆ ಹಾವೇರಿ, ಹುಬ್ಬಳ್ಳಿ, ಕುಮಟಾ. ವಾಯವ್ಯ ಸಾರಿಗೆಯ ಹಳ್ಳಿ ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಮೊಣಕಾಲೆತ್ತರ. ರಿಯಾಯಿತಿ ಪಾಸು ಇರುವ ವಿಕಲಚೇತನರು ವಾಸಸ್ಥಳದಿಂದ 100 ಕಿಲೋಮೀಟರ್ ವ್ಯಾಪ್ತಿಯಲ್ಲಿ ಓಡಾಡಬಹುದು, 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಟಿಕೆಟ್ ದರವೇ ಇಲ್ಲ. ಹಣದ ಅಡ್ಡಿ ಹೋಯಿತು, ಮೆಟ್ಟಿಲು ಹಾಗೇ ಉಳಿಯಿತು. ಅದಕ್ಕೇ ಮಲೆನಾಡಿನಲ್ಲಿ ಹಳೆಯ ಮಾರುತಿ ಓಮ್ನಿಗೆ ಇನ್ನೂ ಬೆಲೆ. ಅದರ ತಯಾರಿ 2019ರಲ್ಲಿ ನಿಂತಿದೆ. ಪಕ್ಕಕ್ಕೆ ಜಾರುವ ಬಾಗಿಲು ಅಗಲವಾಗಿ ತೆರೆಯುವುದರಿಂದ ವೀಲ್‌ಚೇರನ್ನು ಸೀಟಿಗೆ ಒತ್ತಿ ನಿಲ್ಲಿಸಿ, ಮೊದಲು ಕುಂಡೆ ಜರುಗಿಸಿ ಆಮೇಲೆ ಕಾಲನ್ನು ಎತ್ತಿ ಒಳಗಿಡಬಹುದು. ಮಡಚಿದ ಕುರ್ಚಿ ಹಿಂದೆ ಹಿಡಿಯುತ್ತದೆ. ಜೀಪು ಕಚ್ಚಾ ರಸ್ತೆಗೆ ಗಟ್ಟಿ, ಆದರೆ ಹತ್ತಿಸುವುದೇ ಸಾಹಸ.

ಹೋಮ್‌ಸ್ಟೇಗಳನ್ನು ಗೊತ್ತು ಮಾಡುವಾಗ ‘ವೀಲ್‌ಚೇರಿಗೆ ಅನುಕೂಲ ಇದೆಯಾ’ ಎಂದು ಕೇಳಿದರೆ ‘ಬನ್ನಿ, ಏನೂ ತೊಂದರೆಯಿಲ್ಲ’ ಎಂಬ ಉತ್ತರ ಬರುತ್ತದೆ. ಪ್ರೀತಿಯ ಮಾತು, ಮಾಹಿತಿಯಲ್ಲ. ಬಚ್ಚಲಿನ ಬಾಗಿಲು ಎಷ್ಟು ಇಂಚು, ಕಮೋಡ್ ಇದೆಯೇ, ಅಂಗಳದಿಂದ ಕೋಣೆಗೆ ಎಷ್ಟು ಮೆಟ್ಟಿಲು ಎಂದು ಬಿಡಿಸಿ ಕೇಳಬೇಕು, ಒಂದು ಫೋಟೊ ತರಿಸಿಕೊಂಡರೆ ಇನ್ನೂ ಮೇಲು.

ಹಿರಿಯರ ಹಿಂಜರಿಕೆ ಇನ್ನೊಂದು ತಡೆ. ‘ಯಂಗೆಂತ ಆಯ್ದು?’ (ನನಗೇನಾಗಿದೆ?) ಎಂದು ವೀಲ್‌ಚೇರ್ ನಿರಾಕರಿಸುವ ಅಜ್ಜಂದಿರು ಹವ್ಯಕರ ಮನೆಮನೆಯಲ್ಲಿದ್ದಾರೆ. ಅಮೆರಿಕದಲ್ಲಿರುವ ಮಗನ ಮನೆಗೆ ಹೊರಟಾಗ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ, ಸಾಲಿಲ್ಲದೆ ಬಿಡುತ್ತಾರೆಂಬ ಕಾರಣಕ್ಕೆ ಮೊದಲ ಬಾರಿ ಅದರಲ್ಲಿ ಕೂತವರು ಅನೇಕರು. ಅಲ್ಲಿ ಕೂತದ್ದಕ್ಕೆ ನಾಚದವರು ಶಿರಸಿಯ ಪೇಟೆಯಲ್ಲಿ ನಾಚುತ್ತಾರೆ.

ಥೀಮ್ ಪಾರ್ಕ್‌ಗಳು

ಈ ಭಾಗದವರು ಹೋಗಿಬರುವಷ್ಟು ಹತ್ತಿರವಿರುವುದು ಹಾವೇರಿ ಜಿಲ್ಲೆ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್. ಕಲಾವಿದ ಟಿ. ಬಿ. ಸೊಲಬಕ್ಕನವರ ರೂಪಿಸಿದ ಶಿಲ್ಪಗಳ ಈ ಉದ್ಯಾನದಲ್ಲಿ ಹಳ್ಳಿಯ ಬದುಕು ಆಳೆತ್ತರದ ಮೂರ್ತಿಗಳಾಗಿ ನಿಂತಿದೆ. ನೋಡುತ್ತ ಸಾಗುವುದೇ ಇಲ್ಲಿನ ಮುಖ್ಯ ಕೆಲಸವಾದ್ದರಿಂದ, ಹತ್ತಿ ತಿರುಗುವ ಆಟಗಳ ಉದ್ಯಾನಕ್ಕಿಂತ ಇದು ವೀಲ್‌ಚೇರಿನವರಿಗೆ ಒಗ್ಗುತ್ತದೆ.

2005ರಲ್ಲಿ ಆರಂಭವಾದ ಬಿಡದಿಯ ವಂಡರ್‌ಲಾ ಶಾಲಾ ಪ್ರವಾಸಗಳ ಖಾಯಂ ನಿಲ್ದಾಣ. ಇಂಥ ಪಾರ್ಕುಗಳ ವೇಗದ ಆಟಗಳಿಗೆ ಹೃದ್ರೋಗ, ಬೆನ್ನುನೋವು, ಕೈಕಾಲಿನ ಊನವಿದ್ದವರನ್ನು ಬಿಡದ ನಿಯಮಗಳಿರುತ್ತವೆ. ನಿಯಮದ ಹಿಂದೆ ಕಾರಣವಿದೆ: ಮೈ ಎತ್ತಿ ಎಸೆಯುವಾಗ ಕಾಲೂರಿ ತಡೆಯುವ ಶಕ್ತಿ ಬೇಕು, ಕರೆಂಟು ಹೋಗಿ ಆಟ ಮೇಲೆಯೇ ನಿಂತರೆ ಮೆಟ್ಟಿಲಿಳಿದು ಬರಬೇಕಾಗುತ್ತದೆ. ಜಾತ್ರೆಯಲ್ಲಿ ನಿಯಮದ ಫಲಕವಿಲ್ಲ, ತೊಟ್ಟಿಲು ನಡೆಸುವವನೇ ತೀರ್ಮಾನಿಸುತ್ತಾನೆ. ಅವನು ಒಪ್ಪಿದರೆ ಆಯಿತು, ಆದರೆ ಅನಾಹುತವಾದರೆ ಹೊಣೆ ಯಾರದೂ ಅಲ್ಲ. ಶಾಲೆಗಳಲ್ಲಿ ನಡೆಯುವುದು ಇದಕ್ಕಿಂತ ಬೇಸರದ ಸಂಗತಿ. ‘ಅವನಿಗೆ ಸುಮ್ಮನೆ ತೊಂದರೆ’ ಎಂಬ ಕಳಕಳಿಯ ಮಾತಿನಲ್ಲಿ ಪ್ರವಾಸದ ಪಟ್ಟಿಯಿಂದ ಹುಡುಗನ ಹೆಸರು ಬಿಡುತ್ತಾರೆ. ಆಟ ಆಡಲಾಗದಿದ್ದರೂ ಬಸ್ಸಿನಲ್ಲಿ ಹಾಡುತ್ತ ಹೋಗುವ ಪಾಲು ಅವನಿಗೂ ಇದೆ.

ಬೇರೆ ದಾರಿಯೂ ಉಂಟು. ಅಮೆರಿಕದ ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ ಗಾರ್ಡನ್ ಹಾರ್ಟ್‌ಮನ್ ತಮ್ಮ ಮಗಳು ಮಾರ್ಗನ್‌ಗಾಗಿ ಯೋಚಿಸಿ ಕಟ್ಟಿಸಿದ ಮಾರ್ಗನ್ಸ್ ವಂಡರ್‌ಲ್ಯಾಂಡ್ 2010ರಲ್ಲಿ ತೆರೆಯಿತು. ಅಲ್ಲಿ ವೀಲ್‌ಚೇರಿನ ಸಮೇತ ತೂಗುವ ಉಯ್ಯಾಲೆಗಳಿವೆ, ವಿಕಲಚೇತನರಿಗೆ ಪ್ರವೇಶ ಉಚಿತ. 2017ರಲ್ಲಿ ಸೇರಿದ ನೀರಾಟದ ಉದ್ಯಾನದಲ್ಲಿ ಬ್ಯಾಟರಿ ನೆನೆಯುವ ಭಯವಿಲ್ಲದೆ ಒತ್ತಿದ ಗಾಳಿಯಿಂದ ಓಡುವ ಕುರ್ಚಿಗಳನ್ನು ಕೊಡುತ್ತಾರೆ. ಅಷ್ಟು ದುಡ್ಡಿಲ್ಲದ ಕಡೆಯೂ ಚಪ್ಪಟೆ ಹಲಗೆಯ ವೀಲ್‌ಚೇರ್ ಉಯ್ಯಾಲೆಯೊಂದನ್ನು ವೆಲ್ಡಿಂಗ್ ಬಲ್ಲವರು ಮಾಡಬಹುದು.

ಕಾನೂನು

ವಿಕಲಚೇತನರ ಹಕ್ಕುಗಳ ಕಾಯಿದೆ 2016ರದು, 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದರ 29ನೆಯ ಕಲಮು ಸಂಸ್ಕೃತಿ ಮತ್ತು ಮನರಂಜನೆಗೆ ಸಂಬಂಧಿಸಿದ್ದು. ಸಾರ್ವಜನಿಕ ಕಟ್ಟಡಗಳನ್ನು ಸುಗಮಗೊಳಿಸಲು 45ನೆಯ ಕಲಮು ಐದು ವರ್ಷ ಕೊಟ್ಟಿತ್ತು, ಆ ಗಡುವು 2022ಕ್ಕೆ ಮುಗಿದಿದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸುಗಮ್ಯತೆಯ ಮಾನದಂಡಗಳು ಬರೀ ಸಲಹೆಯಾಗಿ ಉಳಿಯುವಂತಿಲ್ಲ, ಕಡ್ಡಾಯದ ನಿಯಮಗಳಾಗಬೇಕು ಎಂದಿತು. 2011ರ ಜನಗಣತಿಯಲ್ಲಿ ಕರ್ನಾಟಕದ ವಿಕಲಚೇತನರು 13.24 ಲಕ್ಷ. ಮಂಡಿ ಸವೆದ ಅಜ್ಜ ಅಜ್ಜಿಯರು ಆ ಲೆಕ್ಕದೊಳಗೆ ಬಂದವರಲ್ಲ.

ಕೋರ್ಟಿನ ಮಾತು ಕಾಡಿನ ಜಲಪಾತದವರೆಗೆ ಇಳಿಯಬೇಕಾದರೆ ನಡುವೆ ಅರಣ್ಯ ಇಲಾಖೆ, ಪ್ರವಾಸೋದ್ಯಮ ಇಲಾಖೆ, ಗ್ರಾಮ ಪಂಚಾಯಿತಿ ಇವೆ. ಹಲವು ಕಡೆ ವಾಹನ ಶುಲ್ಕ ವಸೂಲಿ ಮಾಡುವುದು ಗ್ರಾಮ ಅರಣ್ಯ ಸಮಿತಿ. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಲ್ಲಿ ಹೆಚ್ಚಿನವರು ತಾವೇ ವಿಕಲಚೇತನರು, ಪಿಂಚಣಿ, ಗುರುತಿನ ಚೀಟಿ, ಪಾಸಿನ ಅರ್ಜಿ ಬರೆಸುವುದು ಅವರ ಕೆಲಸ. ತಮ್ಮ ಪಂಚಾಯಿತಿಯ ಪ್ರೇಕ್ಷಣೀಯ ಜಾಗದಲ್ಲಿ ಎಷ್ಟು ಮೆಟ್ಟಿಲಿವೆ, ಎಲ್ಲಿ ಕಂಬಿ ಮುರಿದಿದೆ ಎಂದು ಎಣಿಸಿ ಟಿಕೆಟ್ ಕೊಡುವ ಗೂಡಿನ ಮುಂದೆ ಬರೆಸಿಹಾಕಲು ಅವರಿಗಿಂತ ತಿಳಿದವರು ಸಿಗುವುದಿಲ್ಲ. ಅಂಥ ಫಲಕಕ್ಕೆ ತಗಲುವ ಖರ್ಚು ಒಂದು ಡಬ್ಬಿ ಬಣ್ಣದ್ದು.